ಕೋಸಗಿಯಲ್ಲಿ ನಿಂತು ಮುಂದಕ್ಕೆ ಹೊರಡದ ಇಂಜಿನ್ ಮಹಾಶಯರಿಗೆ

ಇಂದ: ತುಳಸಿಬಾಯಿ, ನಿವೃತ್ತ ಬುಕಿಂಗ್ ಕ್ಲಾರ್ಕ್, ಆದೋನಿ
ಇವರಿಗೆ: ಇಂಜಿನ್ ಅವರು, ಹಳೆಯ ಹಿತ್ತಲ ಬಾಗಿಲ ಮೇಲೆ, ಮಹಡಿ ಕೋಣೆ, ಅದೇ ಮನೆ
ವಿಷಯ: ತಮ್ಮ ನಡತೆ
ಕಾರ್ತಿಕ ಅಮಾವಾಸ್ಯೆ

ಮಾನ್ಯರೇ,

ಏಲಕ್ಕಿ ಬಾಳೆಹಣ್ಣಿನಷ್ಟೇ ಉದ್ದವಿದ್ದೂ ನಾಲ್ಕು ಜನ ದೊಡ್ಡವರನ್ನು ಏಕಕಾಲಕ್ಕೆ ಮೊಣಕಾಲ ಮೇಲೆ ಕೂಡಿಸಬಲ್ಲ ತಮ್ಮ ಘನ ವ್ಯಕ್ತಿತ್ವಕ್ಕೆ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಹದಿನಾಲ್ಕು ದಿನಗಳಿಂದ ಒಂದೇ ಜಾಗದಲ್ಲಿ ನಿಂತು ವಿಶ್ರಾಂತಿ ಪಡೆಯುತ್ತಿರುವವರು ಕ್ಷೇಮವಾಗಿರದೆ ಇನ್ನೇನಾಗಿರುತ್ತಾರೆ? ಇತ್ತ ನಾವೂ ಕ್ಷೇಮ. ತಮ್ಮ ದೆಸೆಯಿಂದ ನನ್ನ ಕುತ್ತಿಗೆ ಹಿಡಿದುಕೊಂಡಿದೆ, ನಮ್ಮ ಮನೆಯವರ ಕನ್ನಡಕದ ಒಂದು ಕಡ್ಡಿ ಮುರಿದಿದೆ, ಉಳಿದಂತೆ ದೇವರ ದಯೆ. ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಗುಟ್ಟಾಗಿ, ಅಂದರೆ ತಮ್ಮ ಮೂತಿಯ ಹತ್ತಿರ ಬಾಯಿಟ್ಟು, ಹೇಳುವುದನ್ನೆಲ್ಲ ಹೇಳಿಯಾಗಿದೆ, ತಾವು ಕೇಳಲಿಲ್ಲ.

ಮೊದಲಿಗೆ ನನ್ನ ಅರ್ಹತೆಯನ್ನು ನಿವೇದಿಸಿಕೊಳ್ಳುತ್ತೇನೆ, ಏಕೆಂದರೆ ಆಟದ ಗಾಡಿಗೆ ದೂರು ಬರೆಯುವ ಅರವತ್ತೊಂದರ ಹೆಂಗಸನ್ನು ಕಂಡು ಲೋಕ ಏನನ್ನುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ನಾನು ಮೂವತ್ತೊಂದು ವರ್ಷ ಈ ಲೈನಿನ ಸ್ಟೇಷನ್ನುಗಳಲ್ಲಿ ಟಿಕೆಟ್ ಕಿಟಕಿಯ ಹಿಂದೆ ಕೂತವಳು. ಟಿಕೆಟ್ ಕಿಟಕಿ ಊರಿನ ಕಡೆ ಮುಖ ಮಾಡಿರುತ್ತದೆ. ಗಾಡಿ ಬೆನ್ನ ಹಿಂದೆ ಬಂದು ಬೆನ್ನ ಹಿಂದೆಯೇ ಹೋಗುತ್ತದೆ. ಗೋಡೆ ಅದುರಿದರೆ, ಮೇಜಿನ ಮೇಲಿನ ಚಹಾದ ಲೋಟ ಅದುರಿದರೆ ಗಾಡಿ ಬಂತೆಂದು ತಿಳಿಯುತ್ತಿದ್ದೆ. ಲಕ್ಷಾಂತರ ಜನರಿಗೆ ಟಿಕೆಟ್ ಹರಿದುಕೊಟ್ಟ ಈ ಕೈಯ ಒಡತಿ, ಗಾರ್ಡಿನ ಹಸಿರು ಬಾವುಟದಿಂದ ಹಿಡಿದು ಕೊನೆಯ ಬೋಗಿಯ ಬೆನ್ನಿನವರೆಗೆ ಒಂದೇ ಒಂದು ಗಾಡಿ ಹೊರಡುವುದನ್ನು ಪೂರ್ತಿ ನೋಡಿರಲಿಲ್ಲ ಎಂದರೆ ತಾವು ನಂಬಲಿಕ್ಕಿಲ್ಲ. ರಜೆಯ ದಿನ ಮತ್ತೆ ಸ್ಟೇಷನ್ನಿನ ದಿಕ್ಕಿಗೆ ಹೋಗುವಷ್ಟು ಹುಚ್ಚು ನನಗಿರಲಿಲ್ಲ, ಊರಿಗೆ ಹೊರಟರೆ ನಾನೇ ಗಾಡಿಯ ಒಳಗಿರುತ್ತಿದ್ದೆ.

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಎಂಟು ವರ್ಷದ ಹಿಂದೆ, ನನ್ನ ಒಬ್ಬಳೇ ಮಗಳು ಸಂಪದಾ ಮದುವೆಯಾಗಿ ಕಲಬುರಗಿಗೆ ಹೊರಟ ದಿನ, ನನ್ನ ಪಾಳಿಗೆ ಬದಲಿ ಬರಬೇಕಾದವರು ಬರಲಿಲ್ಲ. ಹಬ್ಬದ ಗದ್ದಲ, ಸಾಲು ಬಾಗಿಲು ದಾಟಿ ಹೊರಗಿನ ಬೇವಿನ ಮರದವರೆಗೆ ನಿಂತಿತ್ತು. ಆಕೆ ಗಂಡನನ್ನು ಸಾಮಾನಿನ ಹತ್ತಿರ ನಿಲ್ಲಿಸಿ, ಜರಿ ಸೀರೆಯಲ್ಲೇ ಆ ಸಾಲಿನಲ್ಲಿ ನಿಂತು, ನನ್ನ ಕಿಟಕಿಗೆ ಬಂದು, "ಕಲಬುರಗಿ ಎರಡು, ಅಮ್ಮಾ" ಎಂದಳು. ಕಲಬುರಗಿಗೆ ಎರಡು ಕೊಟ್ಟೆ. ಅವಳ ಹಿಂದೆ ನಿಂತಿದ್ದ ಹಿರಿಯರು ಗುಂತಕಲ್ಲಿಗೆ ಎರಡೂವರೆ ಕೇಳಿ, ಆ ಅರ್ಧ ಟಿಕೆಟ್ಟಿನ ಒಡೆಯನ ಮೂತಿಯ ಮೇಲೆ ಆಗಲೇ ಮೀಸೆ ಮೂಡಿದ್ದನ್ನು ಕಂಡು ನಾನು ವಯಸ್ಸು ವಿಚಾರಿಸುತ್ತಿರುವಾಗ, ಬೆನ್ನ ಹಿಂದೆ ಗಾಡಿ ಕೂಗಿತು, ಲೋಟ ಅದುರಿತು, ಆಮೇಲೆ ಅದುರುವುದು ನಿಂತಿತು. ಸಂಪದಾ ಬುಕಿಂಗ್ ಆಫೀಸಿನ ಗೋಡೆಯ ಕಡೆ ನೋಡುತ್ತ ಬಹಳ ದೂರದವರೆಗೆ ಕೈ ಬೀಸುತ್ತಲೇ ಇದ್ದಳೆಂದು ಪೋರ್ಟರ್ ಬಂದು ಹೇಳಿದ. ಆಕೆ ಮಾತ್ರ ಇದುವರೆಗೂ ಅದರ ಬಗ್ಗೆ ಒಂದು ಮಾತು ಆಡಿಲ್ಲ, ನನಗೆ ಅದೇ ಹೆಚ್ಚು ಚುಚ್ಚುತ್ತದೆ.

ನಿವೃತ್ತಿಯಾದ ಮೇಲೆ ಪ್ಲಾಟ್‌ಫಾರ್ಮಿಗೆ ಹೋಗಿ ಬೇಕಾದಷ್ಟು ಗಾಡಿ ನೋಡಬಹುದಿತ್ತಲ್ಲ ಎಂದು ತಾವು ಕೇಳಬಹುದು, ಕೇಳುವ ಅಭ್ಯಾಸ ತಮಗಿದ್ದರೆ. ಹೋದೆ. ಮಗಳನ್ನು ಕಳಿಸಲು ಎರಡು ಸಲ ಹೋದೆ. ಆದರೆ ಈ ಸೀಮೆಯಲ್ಲಿ ನನ್ನ ಮುಖ ಯಾರಿಗೆ ಗೊತ್ತಿಲ್ಲ? ಗಾಡಿ ಬಂದು ನಿಂತಿತೋ ಇಲ್ಲವೋ, ಎಮ್ಮಿಗನೂರಿನ ಸೀರೆ ವ್ಯಾಪಾರದವರೊಬ್ಬರು ಮೊಬೈಲ್ ಮುಂದೆ ಹಿಡಿದು, "ಅಕ್ಕಾ, ವೇಟಿಂಗ್ ನಲವತ್ತೆರಡು, ಕನ್ಫರ್ಮ್ ಅವುತುಂದಾ?" ಎಂದು, ಸೀಟು ಖಾತ್ರಿಯಾದೀತೇ ಎಂದು, ತೆಲುಗಿನಲ್ಲಿ ಕೇಳಿದರು, ಅವರಿಗೆ ಹೇಳಿ ಮುಗಿಸುವಷ್ಟರಲ್ಲಿ ಆಸ್ಪರಿಯ ಕಡೆಯ ಒಂದು ಕುಟುಂಬ ತಿರುಪತಿಗೆ ಯಾವ ಗಾಡಿ ಒಳ್ಳೆಯದು ಎಂದು ಸುತ್ತುವರಿಯಿತು. ಕೇಳಿದವರಿಗೆ ಉತ್ತರ ಕೊಡದೆ ಇರುವುದು ನನ್ನ ಕೈಲಾಗದು, ಕೊಡಬೇಕಾದರೆ ಅವರ ಕಡೆ ತಿರುಗಬೇಕು, ತಿರುಗಿದರೆ ಗಾಡಿಗೆ ಬೆನ್ನು. ಎರಡು ಸಲವೂ ನಾನು ಮತ್ತೆ ಇತ್ತ ತಿರುಗಿದಾಗ ಬರೀ ಹಳಿ ಉಳಿದಿದ್ದವು.

ಆದಕಾರಣ, ಮಹಾಶಯರೇ, ಪ್ರಯಾಣಿಕರೇ ಇಲ್ಲದ ಒಂದು ರೈಲ್ವೆಯನ್ನು ಸ್ವಂತಕ್ಕೆ ಸ್ಥಾಪಿಸುವುದೆಂದು ತೀರ್ಮಾನಿಸಿದೆ. ಸಂಪದಾಳನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಇಬ್ಬರೂ ಗಾಡಿಯ ಕಡೆ ಮುಖ ಮಾಡಿ, ಒಂದು ಹೊರಡುವಿಕೆಯನ್ನು ಮೊದಲಿಂದ ಕೊನೆಯವರೆಗೆ ನೋಡುವುದು: ಅಷ್ಟೇ ನನ್ನ ಬೇಡಿಕೆ. ಇದು ತಮ್ಮ ಪಾಲಿಗೆ ಇಷ್ಟು ಭಾರವಾದೀತೆಂದು ನಾನು ಅಂದುಕೊಂಡಿರಲಿಲ್ಲ.

ತಮ್ಮನ್ನು ಆರಿಸಿದ ಬಗೆಯನ್ನು ತಾವು ತಿಳಿದುಕೊಳ್ಳುವುದು ಒಳ್ಳೆಯದು, ಆಗಲಾದರೂ ಸ್ವಲ್ಪ ಸಂಕೋಚ ಹುಟ್ಟೀತು. ಮೊಬೈಲಿನಲ್ಲಿ ಈ ವಿದ್ಯೆಯ ಪಂಡಿತರು ಬಹಳ ಜನ ಇದ್ದಾರೆ. ಹೊಸಬರು ನಿಜವಾದ ಗಾಡಿಯ ಎಂಬತ್ತೇಳನೇ ಒಂದು ಪಾಲಿನದನ್ನು ಕೊಳ್ಳಬೇಕು, ಅದು ಕೈಗೆ ಹಿಡಿಸುತ್ತದೆ, ಧೂಳಿಗೆ ಹೆದರುವುದಿಲ್ಲ, ಬಿಡಿಭಾಗ ಸಿಗುತ್ತವೆ ಎಂದು ಎಲ್ಲರೂ ಒಂದೇ ಬಾಯಿಂದ ಹೇಳಿದರು. ನೂರ ಅರವತ್ತನೇ ಒಂದು ಪಾಲಿನ ತಮ್ಮ ಜಾತಿಯ ಬಗ್ಗೆ, ನೋಡಲು ಚೆಂದ, ಆದರೆ ಬಹಳ ನಾಜೂಕು ಎಂದು ಮದುವೆ ದಲ್ಲಾಳಿಗಳು ಹೇಳುವ ಹಾಗೆ ಹೇಳಿ ಬಿಟ್ಟರು. ಆದರೆ ನಮ್ಮಲ್ಲಿದ್ದ ಜಾಗವೆಂದರೆ ಹಿತ್ತಲಿಗೆ ಪ್ಲಾಸ್ಟಿಕ್ ಬಾಗಿಲು ಬಂದ ಮೇಲೆ ಕೆಲಸವಿಲ್ಲದೆ ಒರಗಿದ್ದ ಹಳೆಯ ತೇಗದ ಬಾಗಿಲು ಒಂದೇ. ಅಗಲ ಎರಡೂ ಮುಕ್ಕಾಲು ಅಡಿ. ದೊಡ್ಡ ಅಳತೆಯ ಹಳಿ ಅದರ ಮೇಲೆ ಸುತ್ತು ತಿರುಗಬೇಕಾದರೆ ಗಾಡಿ ಎರಡೂ ಕಡೆ ಗಾಳಿಯಲ್ಲಿ ಓಡಬೇಕಾಗುತ್ತದೆಂದು ಟೇಪು ಹಿಡಿದು ನೋಡಿದಾಗ ತಿಳಿಯಿತು. ತಮ್ಮ ಜಾತಿಯಾದರೆ ಸುತ್ತು ತಿರುಗಿದ ಮೇಲೂ ಅತ್ತಿತ್ತ ಒಂದೊಂದು ಗೇಣು ಉಳಿಯುತ್ತದೆ. ಹೀಗೆ ತಮ್ಮ ಯೋಗ್ಯತೆಯಿಂದಲ್ಲ, ನಮ್ಮ ಬಾಗಿಲಿನ ಅಗಲದಿಂದ ತಮಗೆ ಈ ಹುದ್ದೆ ದೊರೆಯಿತು.

ಮುಂದಿನ ಪ್ರಶ್ನೆ, ಡಿಜಿಟಲ್ ಬೇಕೋ, ಸಾದಾ ಗುಂಡಿ ತಿರುಗಿಸುವುದು ಬೇಕೋ ಎಂಬುದು. ಡಿಜಿಟಲ್ ಎಂಬ ಮಾತು ಕಿವಿಗೆ ಬಿದ್ದೊಡನೆ, ಕಂಪ್ಯೂಟರ್ ಪರದೆ ಅಲುಗದೆ ನಿಂತು, ಸಾಲಿನ ಅಷ್ಟೂ ಜನ ನನ್ನನ್ನೇ ದುರುಗುಟ್ಟಿ ನೋಡಿದ ಮಧ್ಯಾಹ್ನಗಳು ನೆನಪಾದವು. ಸಾದಾ ಸಾಕು ಎಂದೆ. ಹಳಿ, ಗುಂಡಿಯ ಡಬ್ಬಿ, ತಾವು, ನಾಲ್ಕು ಬೋಗಿ, ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಬರುವ ಸೆಟ್ಟನ್ನು ಶ್ರಾವಣದಲ್ಲಿ ತರಿಸಿದೆ. ಬೋರ್ಡು ಬರೆಯುವ ಮಾರೆಣ್ಣ ಬೆಂಕಿಕಡ್ಡಿಯ ಮೇಲೆ ಒಂದೇ ಕೂದಲಿನ ಕುಂಚದಿಂದ ಬಾಗಿಲಿನ ಈ ಕೊನೆಗೆ ಆದೋನಿ, ಆ ಕೊನೆಗೆ ಕೋಸಗಿ ಎಂದು ತೆಲುಗು, ಹಿಂದಿ, ಇಂಗ್ಲಿಷಿನಲ್ಲಿ ಬರೆದು, ನಾನು ಕೇಳಿದ್ದಕ್ಕೆ ಕನ್ನಡದಲ್ಲೂ ಬರೆದುಕೊಟ್ಟರು. ನನ್ನ ರೈಲ್ವೆಯಲ್ಲಿ ನಾನೇ ಜನರಲ್ ಮ್ಯಾನೇಜರ್, ಕೇಳುವವರು ಯಾರು?

ಕೋಸಗಿಯ ಹೆಸರು ಬಂದದ್ದು ಲಿಂಗಕ್ಕನಿಂದ. ಹಿಂದಿನ ಓಣಿಯ ಈಕೆ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸ ಮುಗಿಸಿ, ತಲೆ ಮೈ ಎಲ್ಲ ಅರಳೆ ಮಾಡಿಕೊಂಡು, ದಿನಾ ಸಂಜೆ ತಮ್ಮ ದರ್ಶನಕ್ಕೆ ಬರುತ್ತಾಳೆ. ಕೋಸಗಿಯವಳು, ಮಿಲ್ಲು ಸೇರುವ ಮುಂಚೆ ಪ್ರತಿ ವರ್ಷ ಕೂಲಿಗೆಂದು ಗಂಟುಮೂಟೆ, ಮಕ್ಕಳು, ಪಾತ್ರೆ ಸಮೇತ ಆ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲುವ ಒಂದು ನಿಮಿಷದೊಳಗೆ ಹತ್ತಿದವಳು. ತಮ್ಮ ನಾಲ್ಕು ಬೋಗಿಗಳನ್ನೂ ಒಂದೊಂದಾಗಿ ಬಗ್ಗಿ ನೋಡಿ, ಎಲ್ಲವೂ ಗಾಜು ಮುಚ್ಚಿದ ಏಸಿಯವೆಂದು ಖಚಿತವಾದ ಮೇಲೆ, ಜನರಲ್ ಬೋಗಿ ಎಲ್ಲಿದೆ, ತನ್ನಂಥವರು ಯಾವುದಕ್ಕೆ ಹತ್ತಬೇಕು ಎಂದು ಕೇಳಿದಳು. ಮೂವತ್ತೊಂದು ವರ್ಷ ಜನರಲ್ ಟಿಕೆಟ್ ಕೊಟ್ಟವಳಿಗೆ ನಾಚಿಕೆಯಾಯಿತು. ಐದನೆಯ ಬೋಗಿಗೆ ಅಂದೇ ಹೇಳಿ ಕಳಿಸಿದ್ದೇನೆ, ಇನ್ನೂ ಬಂದಿಲ್ಲ.

ಇನ್ನು ತಮ್ಮ ಸೇವಾ ದಾಖಲೆ. ಬಂದ ದಿನ ಎರಡು ಸುತ್ತು ಓಡಿದಿರಿ, ಸುಳ್ಳು ಹೇಳಬಾರದು, ಬಹಳ ಚೆಂದ ಓಡಿದಿರಿ. ಆಯುಧಪೂಜೆಯ ದಿನ ನಮ್ಮ ಮನೆಯವರು, ಅಂದರೆ ಸುಶಮೀಂದ್ರಾಚಾರ್ಯರು, ಲಾರಿಗೊಂದು ನ್ಯಾಯ ಇದಕ್ಕೊಂದು ನ್ಯಾಯವೇ ಎಂದು ತಮಗೂ ಗಂಧ ಕುಂಕುಮ ಏರಿಸಿದರು. ಚಕ್ರದ ಕೆಳಗೆ ಇಡಬೇಕಾದ ನಿಂಬೆಹಣ್ಣು ತಮಗಿಂತ ದಪ್ಪವಿದ್ದುದರಿಂದ ಬದಲಿಗೆ ಒಂದು ಮೆಣಸಿನ ಕಾಳು ಇಟ್ಟರು. ಲಾರಿ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡುತ್ತದೆ. ತಾವು ಮೆಣಸಿನ ಕಾಳಿಗೆ ಎಡವಿ, ಹಳಿ ಬಿಟ್ಟು, ನೈವೇದ್ಯದ ಕೋಸಂಬರಿಯಲ್ಲಿ ಮಲಗಿದಿರಿ. ತಮ್ಮ ಚಕ್ರದ ಹಲ್ಲಿನ ಸಂದಿಯಿಂದ ಕುಂಕುಮ ತೆಗೆಯಲು ನನಗೆ ಮೂರು ದಿನ ಬೇಕಾಯಿತು.

ಕಾರ್ತಿಕದಲ್ಲಿ ನಡೆದದ್ದರಲ್ಲಿ ನನ್ನ ಪಾಲೂ ಇದೆ, ಒಪ್ಪಿಕೊಳ್ಳುತ್ತೇನೆ. ಲಕ್ಷ ಬತ್ತಿ ಹಚ್ಚುವ ಹರಕೆ ಹೊತ್ತಿದ್ದೆ. ಲಕ್ಷ ಹೂಬತ್ತಿ ಹೊಸೆಯುವುದೆಂದರೆ ತಿಂಗಳುಗಟ್ಟಲೆಯ ಕೆಲಸ, ಕೂತಲ್ಲೇ ಕೂರಬೇಕು; ಕೂರುವುದೇ ಆದರೆ ಗಾಡಿ ನೋಡುತ್ತ ಕೂರೋಣವೆಂದು ಹತ್ತಿಯ ಬುಟ್ಟಿಯನ್ನು ತಮ್ಮ ಬಾಗಿಲಿನ ಪಕ್ಕಕ್ಕೇ ತಂದಿಟ್ಟುಕೊಂಡೆ. ಹೊಸೆದಾಗ ಹಾರುವ ಎಳೆಗಳನ್ನು ತಾವು ಒಂದೂ ಬಿಡದೆ ಅಚ್ಚಿಗೆ ಸುತ್ತಿಕೊಳ್ಳುತ್ತಿದ್ದೀರೆಂದು ನನಗೇನು ಗೊತ್ತು? ಗಾಡಿ ತೊದಲತೊಡಗಿದಾಗ ಪಂಡಿತರು ಎಣ್ಣೆ ಬಿಡಿರಿ ಎಂದರು. ಯಾವ ಎಣ್ಣೆ ಎಂದು ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ಇಲ್ಲದೆ, ಕೈಯಲ್ಲಿದ್ದ ಬತ್ತಿಯನ್ನೇ ದೀಪದ ಎಳ್ಳೆಣ್ಣೆಯಲ್ಲಿ ಅದ್ದಿ ತಮ್ಮ ಹೊಟ್ಟೆಗೆ ಸವರಿದೆ. ಕೆಳಗಿನ ಮುಚ್ಚಳ ಬಿಚ್ಚಿ ನೋಡಿದರೆ ಒಳಗೆ ಬತ್ತಿಯೂ ಇತ್ತು, ಎಣ್ಣೆಯೂ ಇತ್ತು, ಕಡ್ಡಿ ಗೀರುವುದೊಂದೇ ಬಾಕಿ. ಲಕ್ಷದ ಲೆಕ್ಕದಲ್ಲಿ ತಮ್ಮನ್ನೂ ಒಂದಾಗಿ ಸೇರಿಸಿಕೊಳ್ಳಿ ಎಂದು ಆಚಾರ್ಯರು ಗಂಭೀರವಾಗಿ ಸಲಹೆ ಕೊಟ್ಟರು.

ಅಂದಿನಿಂದ ಮಹಡಿ ಕೋಣೆಯಲ್ಲಿ ತಮ್ಮ ಸಲುವಾಗಿ ಮಡಿ ಜಾರಿಗೆ ಬಂತು. ಲಿಂಗಕ್ಕ ಮೆಟ್ಟಿಲ ಮೇಲೆ ಸೆರಗು ಕೊಡವಿ ಒದ್ದೆ ಟವೆಲಿನಿಂದ ತಲೆ ಒರೆಸಿಕೊಂಡೇ ಒಳಗೆ ಬರಬೇಕು, ಹತ್ತಿಯ ಬುಟ್ಟಿಗೆ ಪ್ರವೇಶವಿಲ್ಲ, ಶಾಲು ಹೊದ್ದವರಿಗೆ ಪ್ರವೇಶವಿಲ್ಲ. ಆಚಾರ್ಯರಿಗೆ ಮಾತ್ರ ಬೇರೆಯೇ ಚಿಂತೆ. ಹಿತ್ತಲಿನ ಪ್ಲಾಸ್ಟಿಕ್ ಬಾಗಿಲಿನ ಚಿಲಕ ತೆಗೆಯುವುದನ್ನು ಕೋತಿಗಳು ಕಲಿತುಬಿಟ್ಟಿದ್ದವು. ಕಾರ್ತಿಕ ಮುಗಿಯುವುದರೊಳಗೆ ಗಾಡಿ ಓಡದಿದ್ದರೆ ತೇಗದ ಬಾಗಿಲು ಮರಳಿ ತನ್ನ ಚೌಕಟ್ಟಿಗೆ ಹೋಗಬೇಕೆಂದು ಅವರು ಗಡುವು ಹಾಕಿದರು. ತಮಗೆ ಬಾಗಿಲು ಹೋದರೆ ರೈಲ್ವೆಯೇ ಹೋದಂತೆ ಎಂಬುದನ್ನು ಆಗಲೂ ತಮ್ಮ ಗಮನಕ್ಕೆ ತಂದಿದ್ದೆ.

ಸಂಪದಾ ಲಕ್ಷ ಬತ್ತಿಯ ಉದ್ಯಾಪನೆಗೆ ಬಂದಳು. ಹುಣ್ಣಿಮೆಯ ದಿನ ದೀಪ ಹಚ್ಚಿ ಮುಗಿಸಿ, ಮಾರನೆಯ ದಿನ ಸಂಜೆ ಆರಕ್ಕೆ ಹತ್ತು ನಿಮಿಷ ಇರುವಾಗಿನ ಗಾಡಿಗೆ ಹೊರಡುವವಳು. ಅಂದು ನಾಲ್ಕು ಗಂಟೆಗೆ ತಮ್ಮ ಪ್ರಯಾಣವನ್ನು ಇಟ್ಟುಕೊಂಡೆ. ಅಚ್ಚು ಸ್ವಚ್ಛ, ಎಣ್ಣೆ ಸರಿಯಾದದ್ದು, ಹಿಂದಿನ ದಿನ ತಾಲೀಮಿನಲ್ಲಿ ಆರು ಸುತ್ತು ಓಡಿದ್ದಿರಿ. ಎರಡು ಕುರ್ಚಿ ಹಾಕಿಸಿದೆ. ಸಂಪದಾ ಕೂತಳು, ನಾನು ಕೂತೆ, ಗುಂಡಿ ತಿರುಗಿಸಿದೆ. ತಾವು ಕದಲಲಿಲ್ಲ. ನೂರಕ್ಕೆ ತಿರುಗಿಸಿದೆ. ತಮ್ಮ ಮೂತಿಯ ದೀಪ ಒಮ್ಮೆ ಮಿಣುಕಿ, ಎಲ್ಲರ ಮುಖ ನೋಡಿ, ಆರಿಹೋಯಿತು.

ಆಮೇಲಿನ ಒಂದೂ ಮುಕ್ಕಾಲು ತಾಸು ಈ ಮನೆಯಲ್ಲಿ ನಡೆದದ್ದನ್ನು ತಾವು ಹತ್ತಿರದಿಂದಲೇ ಕಂಡಿದ್ದೀರಿ. ಲಿಂಗಕ್ಕ ತಲೆಪಿನ್ನು ತೆಗೆದು ಅಚ್ಚು ಕೆದಕಿದಳು, ಆಚಾರ್ಯರು ಟಾರ್ಚ್ ಹಿಡಿದರು, ಸಂಪದಾ ಹೊರಡುವ ಸೀರೆಯ ನೆರಿಗೆ ಸಿಕ್ಕಿಸಿಕೊಂಡು ನೆಲಕ್ಕೆ ಕೂತು ತಂತಿಯ ಜೋಡಣೆ ನೋಡಿದಳು. ಎಲ್ಲವೂ ಸರಿ ಇತ್ತು. ನನಗೆ ಬಂದ ಸಿಟ್ಟಿನಲ್ಲಿ ತಮ್ಮನ್ನು ಆ ಕ್ಷಣಕ್ಕೇ ಕೋತಿಗಳಿಗೆ ದಾನ ಮಾಡುವವಳಿದ್ದೆ. ಹಳಿಯ ಮೇಲೆ ಬೆರಳಾಡಿಸಿದ ಸಂಪದಾ ಬೆರಳನ್ನು ಮೂಗಿಗೆ ಹಿಡಿದು, ಇದೇನು ಸಾರಿನ ವಾಸನೆ ಎಂದಳು. ಆಚಾರ್ಯರು ಟಾರ್ಚ್ ಆರಿಸಿದರು.

"ನಾನಽ ತಿಕ್ಕೀನಿ," ಎಂದರು ಆಚಾರ್ಯರು. "ಹುಣಸೇಹಣ್ಣು ಹಚ್ಚಿ. ಆಕಿ ನೋಡೂಮುಂದ ಮಿಂಚಲಿ ಅಂತ."

ಬೆಳಿಗ್ಗೆ ಉದ್ಯಾಪನೆಯ ಹಿತ್ತಾಳೆ ದೀಪಗಳನ್ನು ಬೆಳಗಿ, ಉಳಿದ ಹುಣಸೆಹಣ್ಣು ಹಿಡಿದು ಗುಟ್ಟಾಗಿ ಮಹಡಿ ಹತ್ತಿದ್ದರಂತೆ. ಹಳಿಯೂ ಹಳದಿ ಬೆಳ್ಳಗೆ ಕಾಣುತ್ತದೆ, ಹಿತ್ತಾಳೆಯ ನಂಟಿನದೇ ಇರಬೇಕೆಂದು, ಒಂದೊಂದು ಗೇಣನ್ನೂ ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ತಮಗೆ ಕರೆಂಟು ಹರಿದು ಬರುವುದು ಆ ಹಳಿಯ ಮೈಯಿಂದಲೇ, ಅದರ ಮೇಲೆ ಒಣಗಿದ ಹುಣಸೆಯ ಪದರ ಅದನ್ನು ತಡೆದಿತ್ತು. ಮೂರು ತಿಂಗಳು ತಮ್ಮನ್ನು ಹಾಸ್ಯ ಮಾಡಿದ ಮನುಷ್ಯ! ಜಗಳ ಆಡಲು ಬಾಯಿ ತೆರೆದವಳು, ಅವರ ಕೈಯ ಬೆರಳುಗಳು ದೇವರ ಪಾತ್ರೆ ತೊಳೆದ ದಿನದ ಹಾಗೆ ಸುಕ್ಕಾಗಿದ್ದನ್ನು ನೋಡಿ ಜಗಳವನ್ನು ನಾಳೆಗೆ ಮುಂದೂಡಿದೆ. ಪಕ್ಕದ ಮನೆಯಿಂದ ಶಾಲೆಯ ಮಕ್ಕಳ ರಬ್ಬರ್ ತರಿಸಿ, ನಾಲ್ವರೂ ಬಾಗಿಲಿನ ನಾಲ್ಕು ಕಡೆ ಕೂತು ಹಳಿ ಉಜ್ಜಿದೆವು.

ಉಜ್ಜುತ್ತಿರುವಾಗಲೇ ದೂರದಲ್ಲಿ ನಿಜವಾದ ಗಾಡಿ ಕೂಗಿತು. ಆರಕ್ಕೆ ಹತ್ತು ನಿಮಿಷದ್ದು. ಸಂಪದಾ ತಲೆ ಎತ್ತಿ ಕೇಳಿಸಿಕೊಂಡು, ಹೋಯ್ತು ಬಿಡು ನಾಳೆ ಹೋಗ್ತೀನಿ ಎಂದು ಮತ್ತೆ ಉಜ್ಜತೊಡಗಿದಳು. ಆ ಕೂಗು ಕೇಳಿ ನನಗೆ ಸಂತೋಷವಾದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಆಮೇಲೆ ತಾವು ಹೊರಟಿರಿ. ಆದೋನಿಯಿಂದ ಠೀವಿಯಿಂದ ಹೊರಟು, ತಿರುವು ದಾಟಿ, ಕೋಸಗಿಯ ಬೋರ್ಡಿನ ಮುಂದೆ ಬಂದು ನಿಂತಿರಿ. ಅಲ್ಲಿನ ಹಳಿಯ ಸಂದಿಯಲ್ಲಿ ಇನ್ನೂ ಹುಣಸೆಯ ನಾರು ಉಳಿದಿತ್ತು. ನಾನು ರಬ್ಬರ್ ಹಿಡಿದು ಎದ್ದಾಗ ಲಿಂಗಕ್ಕ ನನ್ನ ಮೊಣಕೈ ಹಿಡಿದಳು.

"ನಿಂದ್ರಲಿ ಬಿಡ್ರಿ ಅಮ್ಮಾರ," ಎಂದಳು. "ನಮ್ಮೂರಾಗ ಯಾ ಗಾಡಿ ಇಷ್ಟೊತ್ತು ನಿಂತೈತಿ? ಎಲ್ಲಾರೂ ಸಾವಕಾಶ ಹತ್ತಲಿ."

ಮರುದಿನ ಸಂಜೆ ಸಂಪದಾಳನ್ನು ಕಳಿಸಲು ಸ್ಟೇಷನ್ನಿಗೆ ಹೋದೆ. ಆಕೆ ಹತ್ತಿ ಕಿಟಕಿಯ ಪಕ್ಕ ಕೂತಳು. ಸರಿಯಾಗಿ ಆಗಲೇ ನನ್ನ ಬೆನ್ನ ಹಿಂದೆ, ಅಕ್ಕಾ, ಈ ಟಿಕೆಟ್ ಸ್ವಲ್ಪ ನೋಡಿ, ಎಂದು ಯಾರೋ ಶುರು ಮಾಡಿದರು. ಕುತ್ತಿಗೆ ತಾನಾಗಿಯೇ ತಿರುಗತೊಡಗಿತು. ಲಿಂಗಕ್ಕನ ಮಾತು ನೆನಪಾಯಿತು. ಗಾಡಿಯೇ ಅಷ್ಟು ಹೊತ್ತು ನಿಂತಿರಬಹುದಾದರೆ ಇವರೊಬ್ಬರು ಒಂದು ನಿಮಿಷ ನಿಲ್ಲಲಿ. "ಕೌಂಟರ್ ಆ ಕಡೆ ಅದ" ಎಂದೆ, ತಿರುಗದೆಯೇ. ಪ್ರಯಾಣಿಕರಿಗೆ ನಾನು ಬೆನ್ನು ಮಾಡಿದ್ದು ಅದೊಂದೇ ಸಲ. ಗಾರ್ಡು ಹಸಿರು ಬಾವುಟ ತೋರಿಸಿದರು, ಗಾಡಿ ಅಲುಗಿತು, ಸಂಪದಾ ಕೈ ಬೀಸಿದಳು, ನಾನು ಬೀಸಿದೆ, ಆಕೆಯ ಕೈ ಚಿಕ್ಕದಾಗಿ ಚಿಕ್ಕದಾಗಿ ತಮ್ಮ ಅಳತೆಗೆ ಬಂತು, ಕೊನೆಯ ಬೋಗಿಯ ಬೆನ್ನೂ ಕಂಡಿತು. ಅಳು ಬಂತು, ಅತ್ತೆ.

ಹೀಗಾಗಿ ತಮ್ಮನ್ನು ತರಿಸಿದ ಉದ್ದೇಶ ತಮ್ಮ ಸಹಕಾರವಿಲ್ಲದೆ, ಅಥವಾ ತಮ್ಮ ಅಸಹಕಾರದಿಂದಲೇ, ನೆರವೇರಿರುತ್ತದೆ. ತಾವಿನ್ನೂ ಕೋಸಗಿಯಲ್ಲೇ ಇದ್ದೀರಿ. ಒಂದು ಬೆರಳಿನಿಂದ ನೂಕಬಹುದು, ನೂಕಿಲ್ಲ. ಲಿಂಗಕ್ಕನ ಜನರಲ್ ಬೋಗಿ ಬರುವವರೆಗೆ ನಿಂತಿರಿ. ಇಂದು ಗಡುವಿನ ದಿನ. ಬೆಳಿಗ್ಗೆ ಆಚಾರ್ಯರು ಸ್ಕ್ರೂಡ್ರೈವರ್ ಹಿಡಿದು ಮಹಡಿಗೆ ಬಂದು, ಬಾಗಿಲನ್ನೂ ತಮ್ಮನ್ನೂ ಸ್ವಲ್ಪ ಹೊತ್ತು ನೋಡಿ, ಕೆಳಗಿಳಿದು ಹೋಗಿ ಪ್ಲಾಸ್ಟಿಕ್ ಬಾಗಿಲಿಗೆ ನೈಲಾನ್ ಹಗ್ಗ ಕಟ್ಟಿದರು. ತಮ್ಮಲ್ಲಿ ನನ್ನ ವಿನಂತಿ ಇಷ್ಟೇ: ಮುಂದೆ ತಡವಾಗುವುದಿದ್ದರೆ ಮೂರು ಭಾಷೆಯಲ್ಲಿ ಘೋಷಿಸಿ ವಿಷಾದ ವ್ಯಕ್ತಪಡಿಸಬೇಕು, ಕೆಡುವುದಿದ್ದರೆ ತಾಲೀಮಿನ ದಿನವೇ ಕೆಟ್ಟು ತೋರಿಸಬೇಕು, ಮೆಣಸಿನ ಕಾಳಿನ ಮುಂದೆ ಸ್ವಲ್ಪ ಮರ್ಯಾದೆ ಉಳಿಸಿಕೊಳ್ಳಬೇಕು. ಇವುಗಳಲ್ಲಿ ಒಂದೂ ಆಗದಿದ್ದರೂ ಚಿಂತೆಯಿಲ್ಲ, ನನಗೆ ಅಭ್ಯಾಸವಾಗಿದೆ.

ಬೇರೆ ದಾರಿ ಇಲ್ಲದ್ದರಿಂದ ಇನ್ನು ಮುಂದೆಯೂ
ತಮ್ಮ ವಿಶ್ವಾಸಿ,
ತುಳಸಿಬಾಯಿ

ಮರೆತ ಮಾತು: ಸಂಪದಾ ಸಂಕ್ರಾಂತಿಗೆ ಬರುತ್ತಾಳೆ, ಬರೀ ಎರಡೇ ದಿನಕ್ಕಂತೆ. ಅಷ್ಟರೊಳಗೆ ತಮ್ಮ ಹಳಿಗಳನ್ನು ಕನ್ನಡಿಯಂತೆ ಸ್ವಚ್ಛ ಮಾಡಿ, ತಮ್ಮನ್ನು ಓಡುವ ಸ್ಥಿತಿಗೆ ತರುತ್ತೇನೆ, ಸಂದೇಹ ಬೇಡ. ಆಕೆ ಹೊರಡುವ ದಿನಕ್ಕೆ ಬೇಕಾಗುವ ಹುಣಸೆಹಣ್ಣಿನ ಡಬ್ಬಿಯನ್ನು ತಮ್ಮ ಬಾಗಿಲಿನ ಕೆಳಗೇ ಇಟ್ಟಿದ್ದೇನೆ.